ಆಕಾಶಮಾರ್ಗದಲ್ಲಿ ವಾಕ್‌ಶುದ್ಧಿ

1996ನೆಯ ನವೆಂಬರು 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲ್ಗಡೆ ಸೌದಿ ಅರೇಬಿಯದ ವಿಮಾನವೊಂದಕ್ಕೂ ಕಝಾಖ್‌ಸ್ತಾನದ ವಿಮಾನವೊಂದಕ್ಕೂ ಸಂಘಟ್ಟನವಾಗಿ, ಎರಡರಲ್ಲಿದ್ದ 349 ಮಂದಿಯೂ ಮೃತರಾದರು. ದೆಹಲಿಯ ಕಡೆಗೆ ಇಳಿದುಬರುತ್ತಿದ್ದ ಕಝಾಖ್ ವಿಮಾನಕ್ಕೆ 15,000 ಅಡಿಗಳೂ, ಏರಿಹೋಗುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿಗಳೂ ಎಲ್ಲೆಯೆಂದು ನಿಯಂತ್ರಕನು ವಿಧಿಸಿದ್ದನು. ಮೊದಲನೆಯದು ಎಲ್ಲೆಯನ್ನು ಮೀರಿ ಕೆಳಗಿಳಿಯಿತು. ವಿಚಾರಣೆ ನಡೆಯಿಸಿದ ನ್ಯಾಯಮೂರ್ತಿ ಆರ್. ಸಿ. ಲಹೋಟಿಯವರು, ಆ ಚಾಲಕನಿಗಿದ್ದ ಇಂಗ್ಲಿಷ್ ಜ್ಞಾನದ ಕೊರತೆಯನ್ನೂ ಕಾರಣಗಳೊಳಗೆ ಎಣಿಸಿದರು.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1998ರಲ್ಲಿ ಈ ವಿಷಯವನ್ನು ಕೈಗೆತ್ತಿಕೊಂಡು, 2003ರಲ್ಲಿ ಭಾಷಾಪ್ರಾವೀಣ್ಯದ ನಿಯಮಗಳನ್ನು ಅಂಗೀಕರಿಸಿತು. ಉಚ್ಚಾರಣೆ, ವಾಕ್ಯರಚನೆ, ಶಬ್ದಸಂಪತ್ತಿ, ನಿರರ್ಗಳತೆ, ಗ್ರಹಣ, ಸಂವಾದ ಎಂಬ ಆರು ಅಂಗಗಳಲ್ಲಿ ಪರೀಕ್ಷೆಯಾಗತಕ್ಕದ್ದು. ಆರು ಮೆಟ್ಟಿಲುಗಳಲ್ಲಿ ನಾಲ್ಕನೆಯದನ್ನಾದರೂ ಮುಟ್ಟಲೇಬೇಕು. ಅಲ್ಲಿಯೇ ನಿಂತವನು ಮೂರು ವರ್ಷಗಳಿಗೊಮ್ಮೆ ಪುನಃ ಪರೀಕ್ಷೆಗೆ ಕುಳಿತುಕೊಳ್ಳಬೇಕು. ಐದು ಅಂಗಗಳಲ್ಲಿ ಪಂಡಿತನಾದರೂ ಒಂದರಲ್ಲಿ ಹಿಂದುಳಿದರೆ, ಆ ಕೆಳಗಿನ ಮೆಟ್ಟಿಲೇ ಅವನ ಸ್ಥಾನ.

ವೇದಾಂಗಗಳಲ್ಲಿ ಶಿಕ್ಷೆಗೆ ಅಗ್ರಸ್ಥಾನ ಕೊಟ್ಟವರ ವಂಶಜರಿಗೆ ಈ ಕಟ್ಟುನಿಟ್ಟು ಹೊಸದೆನಿಸದು. ಆದರೆ ಇಲ್ಲಿಯ ಪರೀಕ್ಷೆ ಕೇಳುವವನಿಗೂ ಉಂಟು. ಆಡಿದ ಮಾತು ಶುದ್ಧವಾಗಿದ್ದ ಮಾತ್ರಕ್ಕೆ ಸಾಲದು, ಕೇಳಿದವನಿಗೆ ಅದು ಅರ್ಥವಾಗಿರಬೇಕೆಂಬ ಈ ನಿಯಮಕ್ಕೆ ತೆತ್ತ ಬೆಲೆ ಬಹಳ ದೊಡ್ಡದು.