ಔಷಧಗಳಿಂದ ಉಂಟಾಗುವ ತೀವ್ರ ಚರ್ಮ ಪ್ರತಿಕ್ರಿಯೆ

ಅಪಸ್ಮಾರಕ್ಕೆ ನೀಡುವ ಕಾರ್ಬಮಾಜೆಪೈನ್ ಮತ್ತು ಫೆನಿಟಾಯಿನ್, ಯೂರಿಕ್ ಆಮ್ಲ ತಗ್ಗಿಸುವ ಅಲೋಪ್ಯೂರಿನಾಲ್ ಹಾಗೂ ಸಲ್ಫಾ ಮಾತ್ರೆಗಳು ವಿರಳವಾಗಿ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಎಂಬ ಪ್ರಾಣಾಪಾಯಕಾರಿ ಸ್ಥಿತಿಯನ್ನು ಉಂಟುಮಾಡುತ್ತವೆ. ಸಾಮಾನ್ಯವಾಗಿ ಔಷಧ ಆರಂಭಿಸಿದ 4ರಿಂದ 28 ದಿನಗಳೊಳಗೆ ಜ್ವರ, ಕಣ್ಣುರಿ, ಬಾಯಿಹುಣ್ಣು ಕಾಣಿಸಿಕೊಂಡು, ನೋವುಳ್ಳ ಕೆಂಪು ಕಲೆಗಳೆದ್ದು ಚರ್ಮ ಸುಲಿಯುತ್ತದೆ. ಇದನ್ನು ‘ಅಮ್ಮ’ ಎಂದು ಭಾವಿಸಿ ಬೇವಿನ ಸೊಪ್ಪಿನ ಆರೈಕೆಯಲ್ಲಿ ಮನೆಯಲ್ಲೇ ಇರಿಸುವುದು ಅಪಾಯಕರ. ಶಂಕಿತ ಔಷಧವನ್ನು ಎಷ್ಟು ಬೇಗ ನಿಲ್ಲಿಸಲಾಗುವುದೋ ಬದುಕುಳಿಯುವ ಸಾಧ್ಯತೆ ಅಷ್ಟು ಹೆಚ್ಚು. ರೋಗಿಯನ್ನು ಮಾತ್ರೆಗಳ ಖಾಲಿ ಸ್ಟ್ರಿಪ್ ಹಾಗೂ ವೈದ್ಯರ ಚೀಟಿ ಸಹಿತ ಕೂಡಲೇ ಆಸ್ಪತ್ರೆಗೆ ಕರೆತರತಕ್ಕದ್ದು. ಚಾಮರಾಜಪೇಟೆ, ಬಸವನಗುಡಿ ನಿವಾಸಿಗಳಿಗೆ ವಿಕ್ಟೋರಿಯಾ ಆಸ್ಪತ್ರೆ ಸಮೀಪದಲ್ಲಿದೆ. ಚರ್ಮ ಮಾಗಿದ ನಂತರವೂ ದೃಷ್ಟಿಗೆ ಹಾನಿಯಾಗಬಹುದಾದ್ದರಿಂದ ಮಿಂಟೋ ಕಣ್ಣಿನ ಆಸ್ಪತ್ರೆಯಂತಹ ಕಡೆ ನೇತ್ರ ತಪಾಸಣೆ ಅಗತ್ಯ. ಪ್ರತಿಕ್ರಿಯೆಯನ್ನು ರೋಗಿಯ ಕಡೆಯವರೇ ಶುಲ್ಕರಹಿತ ದೂರವಾಣಿ 1800-180-3024ಕ್ಕೆ ವರದಿ ಮಾಡಬಹುದು. ಗ್ರಾಹಕರ ವರದಿ ನಮೂನೆಯು ಕನ್ನಡದಲ್ಲಿಯೂ ಲಭ್ಯವಿದೆ.