ಬೇಲಿಯಿಲ್ಲದ ಕೋಟೆ

ಊರನ್ನು ಕಟ್ಟುವವರು ಮೊದಲು ಕಾಡನ್ನು ಕಡಿಯುವುದು ಲೋಕರೂಢಿ. ಕಾಡು ಉಳಿಯಲೆಂದೇ ಊರಿನ ನಕ್ಷೆಯನ್ನು ರಚಿಸಿದವರು ವಿರಳ. ಆಸ್ಟ್ರೇಲಿಯಾದ ಸಿಡ್ನಿ ನಗರದ ಉತ್ತರಭಾಗದಲ್ಲಿರುವ ಕ್ಯಾಸಲ್‌ಕ್ರ್ಯಾಗ್ ಎಂಬ ಬಡಾವಣೆಯ ಚರಿತ್ರೆಯು ಅಂತಹ ವಿರಳ ನಿದರ್ಶನಗಳಲ್ಲೊಂದು.

ಸಮುದ್ರವು ಮಿಡ್ಲ್ ಹಾರ್ಬರ್ ಎಂಬ ಹೆಸರಿನಿಂದ ಒಳನಾಡಿಗೆ ನುಗ್ಗಿರುವೆಡೆಯಲ್ಲಿ, ಮರಳುಗಲ್ಲಿನ ಕಡಿದಾದ ಭೂಶಿರವೊಂದು ನೀರಿನೊಳಕ್ಕೆ ಚಾಚಿಕೊಂಡಿರುವುದು. ನೀಲಗಿರಿ ಜಾತಿಯ ವೃಕ್ಷಗಳು ಅದನ್ನು ಆವರಿಸಿವೆ. ಆಂಗ್ಲರು 1788ರಲ್ಲಿ ಸಿಡ್ನಿಯಲ್ಲಿ ನೆಲೆಯೂರುವುದಕ್ಕೆ ಬಹುಕಾಲ ಮೊದಲಿನಿಂದಲೂ ಈ ಸೀಮೆಯು ಕ್ಯಾಮರೇಗಲ್ ಎಂಬ ಮೂಲನಿವಾಸಿಗಳ ನೆಲೆಯಾಗಿದ್ದಿತು.

ಅಮೆರಿಕದ ವಾಸ್ತುಶಿಲ್ಪಿ ವಾಲ್ಟರ್ ಬರ್ಲಿ ಗ್ರಿಫಿನ್ನರು 1912ರಲ್ಲಿ ಕ್ಯಾನ್‌ಬೆರಾ ರಾಜಧಾನಿಯ ವಿನ್ಯಾಸಸ್ಪರ್ಧೆಯನ್ನು ಗೆದ್ದವರು. ಅಧಿಕಾರಿಗಳೊಡನೆ ವೈಮನಸ್ಯ ಬೆಳೆದು, 1920ರಲ್ಲಿ ಆ ಕಾರ್ಯವು ಅವರ ಕೈಬಿಟ್ಟಿತು. ಮರುವರ್ಷವೇ ಅವರ ನೇತೃತ್ವದ ಸಂಸ್ಥೆಯು ಮಿಡ್ಲ್ ಹಾರ್ಬರಿನ ತೀರದಲ್ಲಿ ಸುಮಾರು 650 ಎಕರೆ ಭೂಮಿಯನ್ನು ಕೊಂಡಿತು. ಸ್ವತಃ ವಾಸ್ತುಶಿಲ್ಪದಲ್ಲಿ ಪದವೀಧರೆಯಾಗಿದ್ದ ಪತ್ನಿ ಮೇರಿಯನ್ ಮಹೋನಿಯವರೊಡನೆ ಅವರು 1925ರಲ್ಲಿ ಅಲ್ಲಿಯೇ ಬಂದು ನೆಲಸಿದರು.

ಅವರ ಯೋಜನೆಯಲ್ಲಿ ಬೀದಿಗಳು ಗುಡ್ಡವನ್ನು ಸೀಳದೆ ಅದರ ಇಳಿಜಾರನ್ನೇ ಅನುಸರಿಸಿದವು. ಮನೆಗಳು ಸ್ಥಳದ ಕಲ್ಲಿನಿಂದಲೋ ಕಾಂಕ್ರೀಟಿನ ಅಚ್ಚುಗಳಿಂದಲೋ ತಗ್ಗಾಗಿ, ಮಟ್ಟಸವಾದ ಮಾಳಿಗೆಯೊಡನೆ ಎದ್ದವು. ನಿವೇಶನಗಳ ನಡುವೆ ಬೇಲಿಯಿರಲಿಲ್ಲ. ಮನೆಗಳ ಹಿಂದೆ ಸಾರ್ವಜನಿಕವಾದ ಮೀಸಲು ವನಗಳೂ ಅವುಗಳನ್ನು ಜೋಡಿಸುವ ಕಾಲುದಾರಿಗಳೂ ಇದ್ದವು. ಕಟ್ಟಡಗಳ ಸ್ವರೂಪವನ್ನು ಕೊಳ್ಳುವವರ ಇಚ್ಛೆಗೆ ಬಿಡದೆ ಕ್ರಯದ ಕರಾರುಗಳಲ್ಲಿಯೇ ನಿಬಂಧಿಸಲಾಯಿತು. ಬೀದಿಗಳಿಗೆ ರ್‍ಯಾಂಪಾರ್ಟ್, ಬ್ಯಾಸ್ಟಿಯನ್, ಸಿಟಡೆಲ್ ಎಂದು ಪ್ರಾಕಾರ, ಕೊತ್ತಳ, ಒಳಕೋಟೆಗಳ ಹೆಸರುಗಳನ್ನಿಟ್ಟರು. ಹೆಸರಿಗೆ ಕೋಟೆಯಾದರೂ, ನೆರೆಯವನನ್ನು ತಡೆಯುವ ಗೋಡೆ ಅಲ್ಲಿರಲಿಲ್ಲ.

ಈ ಆದರ್ಶಕ್ಕೆ ಲೋಕವು ಸುಲಭವಾಗಿ ಒಲಿಯಲಿಲ್ಲ. ಮಾಳಿಗೆಮನೆಗಳು ಬಹುಜನಕ್ಕೆ ರುಚಿಸಲಿಲ್ಲ. 1929ರ ತರುವಾಯದ ಆರ್ಥಿಕ ಮುಗ್ಗಟ್ಟಿನಲ್ಲಿ ನಿವೇಶನಗಳ ಮಾರಾಟವೂ ಕುಂದಿತು. ಗ್ರಿಫಿನ್ನರ ವಿನ್ಯಾಸದಂತೆ ಅಲ್ಲಿ ಸಿದ್ಧವಾದ ಮನೆಗಳು ಇಪ್ಪತ್ತನ್ನೂ ಮುಟ್ಟಲಿಲ್ಲ. 1935ರಲ್ಲಿ ಅವರು ಲಖನೌ ವಿಶ್ವವಿದ್ಯಾನಿಲಯದ ಗ್ರಂಥಾಲಯದ ವಿನ್ಯಾಸಕ್ಕಾಗಿ ಭಾರತಕ್ಕೆ ಬಂದರು. 1937ರ ಫೆಬ್ರವರಿಯಲ್ಲಿ ಆ ನಗರದಲ್ಲಿಯೇ ಕಾಲವಶರಾದರು. ಅವರ ಸಮಾಧಿಯೂ ಅಲ್ಲಿಯೇ ಇದೆ.

ಅನಂತರ ಬಂದವರು ಕ್ಯಾಸಲ್‌ಕ್ರ್ಯಾಗಿನಲ್ಲಿ ತಮಗೆ ಬೇಕಾದ ರೀತಿಯ ಮನೆಗಳನ್ನು ಕಟ್ಟಿಕೊಂಡರು. ಆದರೆ ಮೀಸಲು ವನಗಳು ಉಳಿದವು. ಇಂದಿಗೂ ಮನೆಗಳ ಹಿಂದಿನಿಂದ ನೀರಿನಂಚಿನವರೆಗೆ ಕಾಡು ಇಳಿದುಹೋಗಿದೆ. ಶಿಲ್ಪಿಯ ಕೀರ್ತಿಯು ಅವನು ಕಟ್ಟಿದುದರಲ್ಲಿದೆಯೆಂಬುದು ಸಾಮಾನ್ಯರ ಎಣಿಕೆ. ಇಲ್ಲಿಯಾದರೋ, ಕಟ್ಟದೆ ಬಿಟ್ಟುದೇ ಶಿಲ್ಪಿಯ ಚಿರಸ್ಮಾರಕವಾಗಿದೆ.