ದೋಣಿಮನೆಗೆ ಉಸಿರು ಕೊಡುವ ಹಿತ್ತಾಳೆ ಅಣಬೆ

ಇಂಗ್ಲೆಂಡಿನ ಕಾಲುವೆಗಳ ಉದ್ದನೆಯ, ಸಪೂರ ದೋಣಿಗಳ ಚಿತ್ರ ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಅವುಗಳ ಬಣ್ಣ. ಮೈತುಂಬ ಗುಲಾಬಿ ಹೂಗಳ, ಕೋಟೆ ಕೊತ್ತಲಗಳ ಚಿತ್ತಾರ. ಹಿಂಭಾಗದಲ್ಲಿ ಹಿತ್ತಾಳೆ ಬಳೆ ತೊಟ್ಟ ಗಿಡ್ಡ ಚಿಮಣಿ. ಆದರೆ ಸೂರಿನ ಮೇಲೆ ಅಲ್ಲಲ್ಲಿ ಕುಳಿತಿರುವ ಅಂಗೈಯಗಲದ ಹಿತ್ತಾಳೆ ಗುಬುಟುಗಳತ್ತ ಗಮನ ಹೋಗುವುದು ಅಪರೂಪ. ಅಣಬೆಯ ಆಕಾರದ ಇವನ್ನು ಅಲ್ಲಿನವರು ಕರೆಯುವುದೂ 'ಮಶ್ರೂಮ್' ಎಂದೇ. ಅವು ಅಲಂಕಾರಕ್ಕೆ ಇಟ್ಟವಲ್ಲ. ನಮ್ಮ ಹಳೆಯ ಹೆಂಚಿನ ಮನೆಗಳ ಅಡಿಗೆಕೋಣೆಯಲ್ಲಿ ಗವಾಕ್ಷಿ ಮಾಡುತ್ತಿದ್ದ ಕೆಲಸವನ್ನೇ ಅವು ದೋಣಿಯಲ್ಲಿ ಮಾಡುತ್ತವೆ. ಒಳಗಿನ ಕೆಟ್ಟ ಗಾಳಿ ಹೊರಹೋಗಬೇಕು, ಮಳೆ ಮಾತ್ರ ಒಳಬರಬಾರದು.

ಸುತ್ತಲೂ ಬಯಲು, ಮೇಲೆ ಆಕಾಶ. ಅಂಥಲ್ಲಿ ತೇಲುವ ದೋಣಿಗೆ ಗಾಳಿಯ ಬರವೇ ಎಂದು ಯಾರಾದರೂ ಕೇಳಬಹುದು. ಆದರೆ ದೋಣಿಯೊಳಗೆ ಗಾಳಿ ಎಂದೂ ಪುಕ್ಕಟೆಯಾಗಿ ಸಿಕ್ಕಿಲ್ಲ. ಒಂದು ಕಾಲದಲ್ಲಿ ಅದಕ್ಕಾಗಿ ಸರಕಿನ ಜಾಗ ಬಿಟ್ಟುಕೊಡಬೇಕಿತ್ತು. ಈಗ ಬೆಚ್ಚಗಿನ ಸುಖ ಬಿಟ್ಟುಕೊಡಬೇಕು. ಇವೆರಡನ್ನೂ ಮನುಷ್ಯ ಸುಲಭವಾಗಿ ಬಿಡುವವನಲ್ಲ. ಹಾಗಾಗಿಯೇ ದೋಣಿಯ ಗಾಳಿಯನ್ನು ಅಳೆಯಲು ಕಾನೂನೇ ಬರಬೇಕಾಯಿತು.

ಏಳಡಿ ಅಗಲದ ಸಂಸಾರ

ವರ್ಸ್ಲಿಯ ಗಣಿಗಳಿಂದ ಮ್ಯಾಂಚೆಸ್ಟರಿಗೆ ಕಲ್ಲಿದ್ದಲು ಸಾಗಿಸಲು ಬ್ರಿಜ್‌ವಾಟರ್ ಡ್ಯೂಕ್ ತೋಡಿಸಿದ ಕಾಲುವೆ 1761ರಲ್ಲಿ ತೆರೆಯಿತು. ಅದರ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಮುಂದೆ ಟ್ರೆಂಟ್ ಅಂಡ್ ಮರ್ಸಿ ಕಾಲುವೆಯನ್ನು ಯೋಜಿಸಿದರು. ಏರುತಗ್ಗುಗಳಲ್ಲಿ ದೋಣಿಯನ್ನು ಹತ್ತಿಸಿ ಇಳಿಸುವ ನೀರಿನ ಕಟ್ಟೆಗೆ, ಅಂದರೆ 'ಲಾಕ್'ಗೆ, ಅಲ್ಲಿ ಸುಮಾರು 72 ಅಡಿ ಉದ್ದ, 7 ಅಡಿ ಅಗಲ ಎಂಬ ಅಳತೆ ಹಿಡಿಯಲಾಯಿತು. ನೀರೂ ಉಳಿಯಿತು, ಖರ್ಚೂ ಉಳಿಯಿತು. ಆದರೆ ಈ ಕಾಲುವೆಗಳ ದೋಣಿಗಳೆಲ್ಲ ಆ ಅಗಲಕ್ಕೆ ಶಾಶ್ವತವಾಗಿ ಕಟ್ಟುಬಿದ್ದವು.

ಮೊದಮೊದಲು ದೋಣಿಯವರಿಗೆ ದಡದಲ್ಲಿ ಮನೆಗಳಿದ್ದವು. 1830ರ ನಂತರ ರೈಲು ಬಂತು. ಸರಕು ರೈಲಿನ ಪಾಲಾಗತೊಡಗಿದಂತೆ ಕಾಲುವೆ ಬಾಡಿಗೆ ಇಳಿಯಿತು. ಕೂಲಿಯಾಳು ಇಟ್ಟುಕೊಳ್ಳಲೂ ದಡದ ಮನೆಗೆ ಬಾಡಿಗೆ ಕಟ್ಟಲೂ ಕೈಸಾಗದ ದೋಣಿಗಾರ ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದ. ಹೆಂಡತಿ ಚುಕ್ಕಾಣಿ ಹಿಡಿದಳು, ಮಕ್ಕಳು ಕುದುರೆ ಹೊಡೆದರು.

ಅವರೆಲ್ಲ ಮಲಗುತ್ತಿದ್ದುದು ದೋಣಿಯ ಹಿಂಬದಿಯ ಒಂದೇ ಕೋಣೆಯಲ್ಲಿ. ಹತ್ತಡಿಯೂ ಮೀರದ ಉದ್ದ, ಏಳಡಿಯೊಳಗಿನ ಅಗಲ, ಹೆಚ್ಚೂಕಡಿಮೆ ಐದಡಿ ಎತ್ತರ. ಬಾಗಿಲ ಪಕ್ಕದಲ್ಲೇ ಕಲ್ಲಿದ್ದಲ ಒಲೆ. ಮಡಚಿ ಇಳಿಸುವ ಮಂಚ, ಬಾಗಿಲು ಇಳಿಸಿದರೆ ಮೇಜಾಗುವ ಕಪಾಟು. ಕೋಣೆಯನ್ನು ಇನ್ನೊಂದು ಅಡಿ ಹಿಗ್ಗಿಸಿದರೆ ಸರಕಿನ ಜಾಗ ಒಂದಡಿ ಕುಗ್ಗಿತು, ಬಾಡಿಗೆಯೂ ಕುಗ್ಗಿತು. ಮೇಲಕ್ಕೆ ಎತ್ತರಿಸೋಣವೆಂದರೆ ತಗ್ಗಾದ ಸೇತುವೆಗಳು. ಚಿಮಣಿಯನ್ನೂ ಬೇಕಾದಾಗ ಕಿತ್ತಿಡುವಂತೆ ಮಾಡಿದ್ದು ಇದೇ ಕಾರಣಕ್ಕೆ. ಹಗಲು ಬಾಗಿಲೂ ಅದರ ಮೇಲಿನ ಜಾರುಮುಚ್ಚಳವೂ ತೆರೆದಿರುತ್ತಿದ್ದವು. ಚಳಿಗಾಲದ ರಾತ್ರಿ ಎರಡೂ ಮುಚ್ಚಿದರೆ ಒಳಗಿರುವವರು, ಉರಿಯುವ ಒಲೆ, ಹೊಗೆಯಾಡುವ ದೀಪ ಎಲ್ಲಕ್ಕೂ ಇದ್ದದ್ದು ಅಷ್ಟೇ ಗಾಳಿ.

ತಲೆಗೆ 60 ಘನ ಅಡಿ

ಈ ಕೋಣೆಗಳ ಸ್ಥಿತಿಯನ್ನು ಲೋಕದ ಮುಂದಿಟ್ಟವರು ಕೋಲ್‌ವಿಲ್ ಊರಿನ ಜಾರ್ಜ್ ಸ್ಮಿತ್. 1831ರಲ್ಲಿ ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲೇ ಇಟ್ಟಿಗೆ ಭಟ್ಟಿಯಲ್ಲಿ ಮಣ್ಣು ಹೊತ್ತವರು. ದೊಡ್ಡವರಾದ ಮೇಲೆ ಭಟ್ಟಿಗಳ ಬಾಲದುಡಿಮೆಯ ವಿರುದ್ಧ ಹೋರಾಡಿ, 1871ರಲ್ಲಿ ಕಾನೂನು ತರುವಲ್ಲಿ ಯಶಸ್ವಿಯಾದರು. ಆ ಹೋರಾಟಕ್ಕೆ ತಮ್ಮ ನೌಕರಿಯನ್ನೇ ತೆತ್ತರು. ಬಳಿಕ ಅವರ ಗಮನ ಕಾಲುವೆಯತ್ತ ಹರಿಯಿತು. 'ಅವರ್ ಕೆನಾಲ್ ಪಾಪ್ಯುಲೇಷನ್' ಎಂಬ ಪುಸ್ತಕವನ್ನು 1875ರಲ್ಲಿ ಹೊರತಂದರು. ಕಿಕ್ಕಿರಿದ ಕೋಣೆಗಳು, ಶಾಲೆಯ ಮುಖ ಕಾಣದ ಮಕ್ಕಳು, ಒಬ್ಬರಿಂದೊಬ್ಬರಿಗೆ ಹರಡುವ ಕಾಯಿಲೆ ಇವು ಅದರ ವಿಷಯ. ಕಾಲುವೆಯಲ್ಲಿ ಬದುಕುವವರು ಒಂದು ಲಕ್ಷ ಮಂದಿ ಎಂದು ಅವರು ಹೇಳಿದ ಲೆಕ್ಕ ಅತಿಯಾಯಿತು ಎಂಬುದು ನಂತರದ ಇತಿಹಾಸಕಾರರ ಅಭಿಪ್ರಾಯ. ಅವರು ತೋರಿಸಿದ ಸಂಕಟ ಮಾತ್ರ ನಿಜವೇ ಆಗಿತ್ತು.

ಫಲವಾಗಿ 1877ರಲ್ಲಿ ಕಾಲುವೆ ದೋಣಿ ಕಾಯ್ದೆ ಬಂತು. ಜನ ವಾಸಿಸುವ ದೋಣಿ ನೋಂದಣಿಯಾಗಬೇಕು, ಎಷ್ಟು ಮಂದಿ ಇರಬಹುದೆಂಬುದನ್ನು ಅಧಿಕಾರಿ ಗೊತ್ತುಮಾಡಬೇಕು ಎಂಬುದು ಅದರ ಸಾರ. ಕಾಯ್ದೆಯಡಿ ರೂಪಿಸಿದ ನಿಯಮಗಳಲ್ಲಿ ಗಾಳಿಗೆ ನೇರ ಅಳತೆ ಸಿಕ್ಕಿತು. ಹಿಂಬದಿಯ ಕೋಣೆಯಲ್ಲಿ ಕನಿಷ್ಠ 180 ಘನ ಅಡಿ ತೆರವಾದ ಜಾಗ ಇರಬೇಕು. ಹನ್ನೆರಡು ವರ್ಷ ಮೀರಿದವರಿಗೆ ತಲೆಗೆ 60 ಘನ ಅಡಿ, ಅದಕ್ಕಿಂತ ಚಿಕ್ಕವರಿಗೆ 40 ಘನ ಅಡಿ. ಬಾಗಿಲನ್ನು ಬಿಟ್ಟು ಬೇರೆಯೇ ಗಾಳಿಯ ದಾರಿ ಇರಬೇಕು. ಈ ಕೊನೆಯ ಮಾತು ಮುಖ್ಯ. ಬಾಗಿಲು ಮನುಷ್ಯನ ಕೈಯಲ್ಲಿದೆ, ಚಳಿಯಾದರೆ ಅವನು ಅದನ್ನು ಮುಚ್ಚಿಯೇ ಮುಚ್ಚುತ್ತಾನೆ ಎಂಬುದನ್ನು ನಿಯಮ ಬರೆದವರು ಅರಿತಿದ್ದರು.

60 ಘನ ಅಡಿ ಎಂದರೆ ಎಷ್ಟು? ನಮ್ಮ ಮನೆಗಳ ಉಕ್ಕಿನ ಬೀರು ಸುಮಾರು 30 ಘನ ಅಡಿಯದು. ಅಂಥ ಎರಡು ಬೀರುಗಳ ಒಳಗಿನ ಗಾಳಿ ಒಬ್ಬ ವಯಸ್ಕನ ಪಾಲು! ಗಂಡ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳ ಸಂಸಾರಕ್ಕೆ 200 ಘನ ಅಡಿ ಸಾಕು ಎಂದಾಯಿತು. ಕಾನೂನು ಕೊಟ್ಟದ್ದು ಇಷ್ಟೇ. ಆದರೆ ಅದಕ್ಕೂ ಮೊದಲು ಇಷ್ಟೂ ಖಾತ್ರಿಯಿರಲಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ರೋಗಕ್ಕೆ ಮೂಲ ಕೆಟ್ಟ ಗಾಳಿಯೇ ಎಂಬ ಹಳೆಯ ನಂಬಿಕೆ ಆಗಿನ್ನೂ ಪೂರ್ತಿ ಅಳಿದಿರಲಿಲ್ಲ. ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಪ್ರಕಟಿಸಿದ್ದೇ 1882ರಲ್ಲಿ. ಕಾರಣ ತಪ್ಪಾಗಿ ತಿಳಿದಿದ್ದರೂ ಮದ್ದು ಸರಿಯಾಗಿತ್ತು: ಜನ ಕಡಿಮೆ, ಗಾಳಿ ಹೆಚ್ಚು. ಮೊದಲ ಕಾಯ್ದೆ ಸಡಿಲವಾಗಿದ್ದುದರಿಂದ 1884ರಲ್ಲಿ ಅದನ್ನು ಬಿಗಿಗೊಳಿಸಿ, ಮುಖ್ಯ ತನಿಖಾಧಿಕಾರಿಯ ಹುದ್ದೆಯನ್ನೂ ಸೃಷ್ಟಿಸಲಾಯಿತು.

ಸುರಂಗದ ಹೊಗೆ

ಕೋಣೆಗೆ ಕಾನೂನು ಬಂತು. ಆದರೆ ದೋಣಿಯೇ ಹೊಕ್ಕು ಹೊರಬರಬೇಕಾದ, ಇನ್ನೂ ದೊಡ್ಡ ಮುಚ್ಚಿದ ಜಾಗವೊಂದಿತ್ತು. ಅದು ಸುರಂಗ. ಗುಡ್ಡ ಕೊರೆದು ಕಾಲುವೆ ಸಾಗಿಸಿದ ಕಡೆಗಳಲ್ಲಿ ಕುದುರೆಯನ್ನು ಗುಡ್ಡದ ಮೇಲಿಂದ ಕಳಿಸಿ, ಆಳುಗಳು ದೋಣಿಯ ಮೇಲೆ ಅಂಗಾತ ಮಲಗಿ, ಸುರಂಗದ ಗೋಡೆಯನ್ನು ಕಾಲಿನಿಂದ ಒದೆಯುತ್ತ ದೋಣಿ ಸಾಗಿಸುತ್ತಿದ್ದರು. ಉಗಿ ಎಂಜಿನ್ ಬಂದಾಗ ಈ ಪಾಡು ತಪ್ಪಿತು, ಹೊಗೆ ಬಂತು. 1805ರಲ್ಲಿ ತೆರೆದ, ಸುಮಾರು 2.8 ಕಿಲೋಮೀಟರ್ ಉದ್ದದ ಬ್ಲಿಸ್‌ವರ್ತ್ ಸುರಂಗದಲ್ಲಿ 1861ರಲ್ಲಿ ಉಗಿದೋಣಿಯ ಹೊಗೆಗೆ ಸಿಕ್ಕಿ ಇಬ್ಬರು ಉಸಿರುಗಟ್ಟಿ ಸತ್ತರು. ನಂತರ ಗುಡ್ಡದ ಮೇಲಿಂದ ಬಾವಿಯಂತೆ ಇಳಿದ ಗಾಳಿಗೂಡುಗಳನ್ನು ಮಾಡಲಾಯಿತು.

ಹೇರ್‌ಕ್ಯಾಸಲ್ ಸುರಂಗದ ಕಥೆ ಇನ್ನೂ ಕುತೂಹಲಕರ. ಥಾಮಸ್ ಟೆಲ್‌ಫರ್ಡ್ 1827ರಲ್ಲಿ ಮುಗಿಸಿದ ಈ ಸುರಂಗ ಎರಡೂವರೆ ಕಿಲೋಮೀಟರಿಗೂ ಉದ್ದ. 1914ರಿಂದ ಅಲ್ಲಿ ವಿದ್ಯುತ್ ದೋಣಿಯೊಂದು ಉಳಿದವನ್ನು ಎಳೆದೊಯ್ಯುತ್ತಿತ್ತು. 1954ರಲ್ಲಿ ಅದನ್ನು ನಿಲ್ಲಿಸಿ, ಸುರಂಗದ ದಕ್ಷಿಣದ ಬಾಯಿಗೆ ಬಾಗಿಲು ಹಾಕಿ, ದೊಡ್ಡ ಫ್ಯಾನುಗಳನ್ನು ಕೂರಿಸಲಾಯಿತು. ಬಾಗಿಲು ಮುಚ್ಚಿದಾಗ ಫ್ಯಾನುಗಳು ಸುರಂಗದುದ್ದಕ್ಕೂ ಗಾಳಿ ಎಳೆಯುತ್ತವೆ. ಡೀಸೆಲ್ ದೋಣಿಗಳು ತಮ್ಮಷ್ಟಕ್ಕೆ ತಾವೇ ಸಾಗಬಹುದು. ಇದರಲ್ಲೊಂದು ಪಾಠವಿದೆ. ಫ್ಯಾನು ಗಾಳಿ ಹುಟ್ಟಿಸುವುದಿಲ್ಲ. ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆ ಬಿಡುತ್ತದೆ, ಅಷ್ಟೇ. ಬರುವ ದಾರಿಯೂ ಹೋಗುವ ದಾರಿಯೂ ಸರಿಯಾಗಿ ಗೊತ್ತಾಗಿದ್ದರೆ ಮಾತ್ರ ಅದು ಉಪಯುಕ್ತ.

ಬೆವರುವ ಉಕ್ಕು

1963ರ ಭೀಕರ ಚಳಿಗೆ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದವು. ಆಗಲೇ ಕುಂಟುತ್ತಿದ್ದ ಸರಕು ಸಾಗಣೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಆದರೆ ದೋಣಿಗಳು ಮರೆಯಾಗಲಿಲ್ಲ. ವಿಹಾರಕ್ಕೆಂದು ಕೆಲವರು, ನಗರದ ಮನೆ ಬಾಡಿಗೆ ತಾಳಲಾರದೆ ಕೆಲವರು ಅವುಗಳಲ್ಲಿ ನೆಲೆಸಿದರು. ಸರಕು ತುಂಬುತ್ತಿದ್ದ ಜಾಗವೆಲ್ಲ ಈಗ ಅಡಿಗೆಮನೆ, ಬಚ್ಚಲು, ಮಲಗುವ ಕೋಣೆ.

ಜಾಗ ಹೆಚ್ಚಿತು, ತೊಂದರೆ ಬದಲಾಯಿತು. ಹೊಸ ದೋಣಿಗಳು ಉಕ್ಕಿನವು. ಚಳಿಗಾಲದಲ್ಲಿ ಕಾಲುವೆಯ ನೀರು ತಣ್ಣಗೆ, ಒಳಗೆ ಒಲೆಯ ಕಾವು. ಒಂದು ಕಿಲೋ ಅಡಿಗೆ ಅನಿಲ ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಹೊರಬರುತ್ತದೆ. ಮಲಗಿ ನಿದ್ರಿಸುವ ಮನುಷ್ಯನೂ ಉಸಿರು, ಬೆವರುಗಳಿಂದ ಗಾಳಿಗೆ ತೇವ ಸೇರಿಸುತ್ತಲೇ ಇರುತ್ತಾನೆ. ನಾಲ್ವರು ಮಲಗಿದ ದೋಣಿಯಲ್ಲಿ ಬೆಳಗಾಗುವುದರೊಳಗೆ ಲೀಟರಿನಷ್ಟು ನೀರು ಸೇರುತ್ತದೆ. ಈ ತೇವವೆಲ್ಲ ತಣ್ಣನೆಯ ಉಕ್ಕಿಗೂ ಕಿಟಕಿಗೂ ತಗುಲಿ ಹನಿಯಾಗುತ್ತದೆ. ಹಾಸಿಗೆ ಬೂಷ್ಟು ಹಿಡಿಯುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ.

ಕಿಂಡಿ ಎಷ್ಟಿರಬೇಕು?

ಬ್ರಿಟನ್ನಿನ ದೋಣಿ ಸುರಕ್ಷತಾ ಯೋಜನೆ ಇದಕ್ಕೊಂದು ಲೆಕ್ಕ ಕೊಟ್ಟಿದೆ. ಹೊಗೆಕೊಳವೆ ಇಲ್ಲದ ಗ್ಯಾಸ್ ಒಲೆಯಂಥವಕ್ಕೆ ಪ್ರತಿ ಕಿಲೋವ್ಯಾಟಿಗೆ 2200 ಚದರ ಮಿಲಿಮೀಟರ್. ಹೊಗೆಕೊಳವೆ ಇದ್ದೂ ಕೋಣೆಯ ಗಾಳಿಯನ್ನೇ ಬಳಸುವ ಒಲೆಗೆ ಕಿಲೋವ್ಯಾಟಿಗೆ 440. ತಲಾ ಒಬ್ಬ ಮನುಷ್ಯನಿಗೆ 650. ಇವನ್ನೆಲ್ಲ ಕೂಡಿಸಿ ಬಂದದ್ದರಲ್ಲಿ ಅರ್ಧ ಮೇಲೆ, ಅರ್ಧ ಕೆಳಗೆ.

8 ಕಿಲೋವ್ಯಾಟಿನ ಗ್ಯಾಸ್ ಒಲೆ, 5 ಕಿಲೋವ್ಯಾಟಿನ ಕಲ್ಲಿದ್ದಲ ಒಲೆ, ನಾಲ್ಕು ಜನ ಇರುವ ದೋಣಿ ಎಂದುಕೊಳ್ಳೋಣ. 17,600, 2,200 ಮತ್ತು 2,600 ಸೇರಿ 22,400 ಚದರ ಮಿಲಿಮೀಟರ್ ಆಯಿತು. ಸೂರಿನ ಪಾಲು 11,200. ಬಲೆ, ಮುಚ್ಚಳ ಎಲ್ಲ ಕಳೆದು ಒಂದೊಂದು ಅಣಬೆಯಲ್ಲಿ 4,000 ಚದರ ಮಿಲಿಮೀಟರ್ ತೆರವು ಉಳಿದರೆ ಮೂರು ಅಣಬೆ ಬೇಕು. ತೂತಿನ ಅಗಲ ಅಳೆದು ಲೆಕ್ಕ ಹಾಕುವವರು ಎಡವುವುದು ಇಲ್ಲೇ. ಸೊಳ್ಳೆ ತಡೆಯುವ ಸಣ್ಣ ಕಣ್ಣಿನ ಬಲೆ ಹಾಕಿ, ಅದು ದೂಳು ಕಟ್ಟಿದರೆ, ಅಗಲವಾದ ತೂತಿದ್ದೂ ಗಾಳಿಯಿಲ್ಲ.

ಕೆಳಗಿನ ಪಾಲಿಗೆ ಸಾಮಾನ್ಯವಾಗಿ ಬಾಗಿಲ ತಳದಲ್ಲಿ ಜಾಲರಿ ಕೊರೆಯುತ್ತಾರೆ. ಬಿಸಿ ಗಾಳಿ ಮೇಲಿಂದ ಹೋಗುತ್ತದೆ, ತಣ್ಣನೆಯದು ಕೆಳಗಿಂದ ಬರುತ್ತದೆ. ಇದಕ್ಕೆ ವಿದ್ಯುತ್ ಬೇಡ, ಬ್ಯಾಟರಿ ಬೇಡ. ತಿರುಪಿ ಮುಚ್ಚಬಹುದಾದ ಅಣಬೆಗಳೂ ಅಂಗಡಿಯಲ್ಲಿ ಸಿಗುತ್ತವೆ. ಆದರೆ ಮುಚ್ಚಲು ಬರುವ ಕಿಂಡಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಬಾಗಿಲನ್ನು ನಂಬದ ಹಳೆಯ ನಿಯಮದ ಜಾಣ್ಮೆಯೇ ಇಲ್ಲೂ ಇದೆ.

ಹಾಗಾದರೆ ಫ್ಯಾನು ಬೇಡವೇ? ಬೇಕು, ಅದರ ಜಾಗದಲ್ಲಿ. ಸ್ನಾನದ ಹಬೆ, ಒಗ್ಗರಣೆಯ ಘಾಟು ಹೊರಹಾಕಲು ಬಚ್ಚಲಲ್ಲೂ ಅಡಿಗೆಮನೆಯಲ್ಲೂ 12 ವೋಲ್ಟಿನ ಸಣ್ಣ ಫ್ಯಾನು ಒಳ್ಳೆಯ ಸಹಾಯ. ಆದರೆ ಅದು ಕಿಂಡಿಗೆ ಬದಲಿಯಲ್ಲ. ಬ್ಯಾಟರಿ ಇಳಿದರೆ ಅದು ನಿಲ್ಲುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೆಳಗಿನ ಜಾಲರಿ ಮುಚ್ಚಿಹೋಗಿದ್ದು, ಸೂರಿನ ಫ್ಯಾನು ಜೋರಾಗಿ ಗಾಳಿ ಹೊರಗೆಳೆದರೆ, ಖಾಲಿಯಾದ ಗಾಳಿ ತುಂಬಲು ಚಿಮಣಿಯೇ ದಾರಿಯಾಗುತ್ತದೆ. ಮೇಲೆ ಹೋಗಬೇಕಾದ ಹೊಗೆ ಕೋಣೆಗೆ ಇಳಿಯುತ್ತದೆ.

ಕಾಣದ ಶತ್ರು

ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಸಿದುಕೊಳ್ಳುತ್ತದೆ. 2013ರಲ್ಲಿ ವಿಂಡರ್‌ಮಿಯರ್ ಸರೋವರದಲ್ಲಿ, 2016ರಲ್ಲಿ ನಾರ್ಫೋಕಿನ ರಾಕ್ಸಮ್‌ನಲ್ಲಿ ವಿಹಾರದೋಣಿಗಳಲ್ಲಿ ಇಬ್ಬಿಬ್ಬರು ಈ ಅನಿಲಕ್ಕೆ ಬಲಿಯಾದರು. ಮೊದಲನೆಯದರಲ್ಲಿ ಜನರೇಟರಿನ, ಎರಡನೆಯದರಲ್ಲಿ ಎಂಜಿನ್ನಿನ ಹೊಗೆ ಒಳಸೇರಿತ್ತು. ಕಿಂಡಿಯೊಂದರಿಂದಲೇ ಇಂಥವನ್ನು ತಡೆಯಲಾಗದು. ಆದ್ದರಿಂದ 2019ರ ಏಪ್ರಿಲ್‌ನಿಂದ ಸುರಕ್ಷತಾ ತಪಾಸಣೆಗೆ ಒಳಪಡುವ, ವಾಸಕ್ಕೆ ಕೋಣೆಯಿರುವ ದೋಣಿಗಳಲ್ಲಿ ಈ ಅನಿಲವನ್ನು ಪತ್ತೆಹಚ್ಚಿ ಕೂಗುವ ಅಲಾರಂ ಕಡ್ಡಾಯವಾಯಿತು.

ಇದು ದೂರದ ದೇಶದ ಮಾತೆಂದು ಪಕ್ಕಕ್ಕಿಡುವಂತಿಲ್ಲ. ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸಿ ಪ್ರಾಣ ಕಳೆದುಕೊಂಡವರ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಬಂದಿದೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗುವುದೂ ಅದೇ ಜಾತಿಯ ಅಪಾಯ.

ಈ ಇತಿಹಾಸದಲ್ಲಿ ಒಂದು ವಿಪರ್ಯಾಸವಿದೆ. ಬಡ ದೋಣಿಗಾರನ ಕೋಣೆಯ ಗಾಳಿಯನ್ನು 1878ರಲ್ಲೇ ಸರ್ಕಾರ ಅಳತೆಗೆ ಒಳಪಡಿಸಿತು. ಇಂದು ಬಾಡಿಗೆಗೆ ಬಿಡುವ ದೋಣಿಗಳಲ್ಲಿ ಗಾಳಿಕಿಂಡಿಯ ನಿಯಮ ಕಡ್ಡಾಯ. ಸ್ವಂತ ದೋಣಿಯವರಿಗೆ ಅದು ಬರೀ ಸಲಹೆ. ತಪಾಸಣೆಗಾರ ಕಡಿಮೆಯಿದೆ ಎಂದು ಬರೆದುಕೊಡಬಲ್ಲ, ಕೊರೆಯಿಸಲಾರ. ಚಳಿ ತಡೆಯಲಾರದೆ ಹಳೆಯ ಪತ್ರಿಕೆಯನ್ನೋ ಬಟ್ಟೆಯನ್ನೋ ಕಿಂಡಿಗೆ ತುರುಕುವ ಕೈಯನ್ನು ಯಾವ ಕಾನೂನೂ ಹಿಡಿಯಲಾರದು. ಅಣಬೆ ಹಿತ್ತಾಳೆಯದೋ ಸ್ಟೀಲಿನದೋ ಎಂಬುದು ಮನೆಯೊಡೆಯನ ಇಷ್ಟ. ಅದರ ಬಾಯಿ ತೆರೆದೇ ಇರಬೇಕು ಎಂಬುದು ಮಾತ್ರ ಇಷ್ಟದ ಮಾತಲ್ಲ.